ಲಗೇಜೋ, ಪ್ಯಾಸೆಂಜರೋ?

ಬೆಂಗಳೂರಿನಲ್ಲಿ ನಾಯಿ ಸಾಕಿದವರಿಗೆ ವಿದೇಶದಲ್ಲಿ ಕೆಲಸ ಸಿಕ್ಕರೆ ಖುಷಿಯ ಬೆನ್ನಿಗೇ ಒಂದು ತಲೆನೋವೂ ಬರುತ್ತದೆ. ಮನೆ ಖಾಲಿ ಮಾಡಬಹುದು, ಕಾರು ಮಾರಬಹುದು, ಸೋಫಾ ಯಾರಿಗಾದರೂ ದಾಟಿಸಬಹುದು. ನಾಯಿಯನ್ನು ಏನು ಮಾಡೋದು? ಪಂಜರದಲ್ಲಿ ಕೂಡಿ ವಿಮಾನದ ಹೊಟ್ಟೆಯೊಳಗೆ ಕಳಿಸಲು ಮನಸ್ಸು ಬರೋಲ್ಲ. ಆಗ ಯಾರಾದರೂ ಒಬ್ಬರು ಹೇಳೇ ಹೇಳ್ತಾರೆ: "ಹಡಗಲ್ಲಿ ಕರ್ಕೊಂಡು ಹೋಗಬಹುದಂತಲ್ಲ? ನಾಯಿಗೂ ರೂಮ್ ಕೊಡ್ತಾರಂತೆ!"

ಕೊಡ್ತಾರೆ, ಸುಳ್ಳಲ್ಲ. ಆದರೆ ಮಾಮೂಲಿ ಕ್ರೂಸ್ ಹಡಗುಗಳಲ್ಲಿ ಅಲ್ಲ. ಅವು ಸಾಮಾನ್ಯವಾಗಿ ಅಂಗವಿಕಲರ ಜೊತೆಗಿರುವ ಸರ್ವಿಸ್ ಡಾಗ್ ಬಿಟ್ಟರೆ ಬೇರೆ ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ. ನಾಯಿಗಳಿಗೆ ಗೂಡು ಕಟ್ಟಿಕೊಂಡು ಅಟ್ಲಾಂಟಿಕ್ ದಾಟುವ ಹಡಗು ಎಂದರೆ ಕ್ಯುನಾರ್ಡ್ ಕಂಪನಿಯ ಕ್ವೀನ್ ಮೇರಿ 2. ಅದು ಸೌಥಾಂಪ್ಟನ್ನಿಂದ ನ್ಯೂಯಾರ್ಕಿಗೆ ಹೋಗುತ್ತದೆ. ಮುಂಬೈಯಿಂದಲ್ಲ, ಮಂಗಳೂರಿನಿಂದಂತೂ ಅಲ್ಲವೇ ಅಲ್ಲ.

ನನ್ನ ಮನೆಯಲ್ಲೂ ಬೀದಿಯಿಂದ ಬಂದ ಕರಿಯ ಅಂತ ಒಬ್ಬನಿದ್ದಾನೆ. ಅವನ ನೆಪದಲ್ಲಿ ಹಡಗು ಹತ್ತಿದ ನಾಯಿಗಳ ಚರಿತ್ರೆ ಓದುತ್ತಾ ಹೋದೆ. ನಾಯಿಯ ಕಥೆ ಅಂದುಕೊಂಡು ಶುರುಮಾಡಿದ್ದು ಬೇರೆಲ್ಲೋ ಹೋಗಿ ನಿಂತಿತು. ಪ್ರತಿ ಹಡಗಿಗೂ ಒಂದು ಲೆಕ್ಕದ ಪುಸ್ತಕ ಇರುತ್ತದಲ್ಲ, ಇದು ಪ್ರಯಾಣಿಕ, ಇದು ಸಿಬ್ಬಂದಿ, ಇದು ಸಾಮಾನು ಅಂತ? ಅದರಲ್ಲಿ ನಾಯಿಯನ್ನು ಯಾವ ಕಾಲಂನಲ್ಲಿ ಬರೆದರು ಅಂತ ನೋಡಿದರೆ ಸಾಕು, ಆ ಕಾಲದಲ್ಲಿ ಮನುಷ್ಯರನ್ನು ಹೇಗೆ ವಿಂಗಡಿಸಿದ್ದರು ಅನ್ನೋದೂ ಗೊತ್ತಾಗುತ್ತದೆ.

ಮೊದಮೊದಲು ನಾಯಿಗಳು ಹಡಗು ಹತ್ತಿದ್ದು ಕೆಲಸಕ್ಕೆ. 1545ರ ಜುಲೈ 19ರಂದು ಇಂಗ್ಲೆಂಡಿನ ದೊರೆ 8ನೇ ಹೆನ್ರಿಯ ಯುದ್ಧನೌಕೆ ಮೇರಿ ರೋಸ್ ದಡದ ಸಮೀಪವೇ ಮುಳುಗಿತು. 1982ರಲ್ಲಿ ಅದನ್ನು ಸಮುದ್ರದಿಂದ ಮೇಲೆತ್ತಿದರು. ಅದರ ಅವಶೇಷಗಳಲ್ಲಿ, ಬಡಗಿಯ ಕೋಣೆಯ ಬಾಗಿಲ ಹತ್ತಿರ, ಒಂದು ಪುಟ್ಟ ನಾಯಿಯ ಎಲುಬುಗೂಡು ಸಿಕ್ಕಿತು. ಇಲಿ ಹಿಡಿಯಲು ಇಟ್ಟುಕೊಂಡಿದ್ದಿರಬೇಕು ಅಂತ ವಿದ್ವಾಂಸರ ಊಹೆ. ಈಗ ಅದಕ್ಕೆ 'ಹ್ಯಾಚ್' ಅಂತ ಹೆಸರಿಟ್ಟಿದ್ದಾರೆ. ಹಡಗಿನಲ್ಲಿ ಹುಟ್ಟುವ ಜಗಳವೆಲ್ಲ ಊಟದ್ದೇ ಆಗಿದ್ದ ಕಾಲದಲ್ಲಿ ಇಲಿ ಕೊಲ್ಲುವ ನಾಯಿ ಸಿಬ್ಬಂದಿಯೇ ಸರಿ. ಸಂಬಳ ಮಾತ್ರ ಇಲ್ಲ.

ಅದಕ್ಕಿಂತ ಕಠಿಣವಾದ ಇನ್ನೊಂದು ಕಾಲಂ ಇತ್ತು: ಸಲಕರಣೆ. 1910ರ ಆಗಸ್ಟಿನಲ್ಲಿ ನಾರ್ವೆಯ ರೋಲ್ಡ್ ಅಮುಂಡ್ಸೆನ್ ತನ್ನ 'ಫ್ರಾಮ್' ಹಡಗಿಗೆ 97 ಗ್ರೀನ್‌ಲ್ಯಾಂಡ್ ನಾಯಿಗಳನ್ನು ಹತ್ತಿಸಿಕೊಂಡ. ಹಿಮದ ನಾಯಿಗಳು ಸಮಭಾಜಕ ವೃತ್ತದ ಸುಡುಬಿಸಿಲನ್ನು ದಾಟಿ ಅಂಟಾರ್ಕ್ಟಿಕಾ ತಲುಪಬೇಕಿತ್ತು. ಡೆಕ್ಕಿನ ಮೇಲೆ ಇನ್ನೊಂದು ಹಲಗೆಯ ನೆಲ ಹಾಸಿದರು. ಕೆಳಗೆ ನೀರು ಹರಿದುಹೋಗಬೇಕು, ನಾಯಿಗಳ ಕಾಲು ಒದ್ದೆಯಾಗಬಾರದು. ಮೇಲೆ ಬಟ್ಟೆಯ ಚಪ್ಪರ ಕಟ್ಟಿದರು. ಎಷ್ಟು ಚೆನ್ನಾಗಿ ನೋಡಿಕೊಂಡರೆಂದರೆ ದಾರಿಯಲ್ಲಿ ಮರಿಗಳು ಹುಟ್ಟಿ, 1911ರ ಜನವರಿಯಲ್ಲಿ ಹಡಗು ತಲುಪುವಾಗ ನಾಯಿಗಳು 116 ಆಗಿದ್ದವು! ಇಷ್ಟು ಓದಿದಾಗ ಎಂಥ ಪ್ರೀತಿ ಅನ್ನಿಸುತ್ತದೆ. ಮುಂದಿನದ್ದು ಕೇಳಿ. ದಕ್ಷಿಣ ಧ್ರುವದ ಕಡೆಗೆ ಹೊರಟ ನಾಯಿಗಳು 52. ಪರ್ವತ ಹತ್ತಿದ ಮೇಲೆ 24 ನಾಯಿಗಳನ್ನು ಒಂದೇ ಜಾಗದಲ್ಲಿ ಕೊಂದು, ಮನುಷ್ಯರೂ ತಿಂದು ಉಳಿದ ನಾಯಿಗಳಿಗೂ ತಿನ್ನಿಸಿದರು. ಆ ಜಾಗಕ್ಕೆ 'ಕಸಾಯಿ ಅಂಗಡಿ' ಅಂತ ಅವರೇ ಹೆಸರಿಟ್ಟರು. ವಾಪಸ್ ಬಂದದ್ದು 11. ಇದು ಹೊರಡುವ ಮೊದಲೇ ಹಾಕಿದ ಲೆಕ್ಕ. ಚಪ್ಪರವೂ ಲೆಕ್ಕದ ಭಾಗವೇ, ಕತ್ತಿಯೂ ಲೆಕ್ಕದ ಭಾಗವೇ.

ಇನ್ನೊಂದು ಕಾಲಂ ನಮ್ಮ ಕಡೆಯ ಪದದಲ್ಲೇ ಇದೆ: ಲೂಟಿ.

1860ರಲ್ಲಿ ಎರಡನೇ ಅಫೀಮು ಯುದ್ಧದ ಕೊನೆಗೆ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯಗಳು ಬೀಜಿಂಗಿನ ಬೇಸಿಗೆ ಅರಮನೆಯನ್ನು ದೋಚಿದವು, ಆಮೇಲೆ ಬ್ರಿಟಿಷರು ಅದಕ್ಕೆ ಬೆಂಕಿ ಇಟ್ಟರು. ಆ ಯುದ್ಧಕ್ಕೆ ನಮ್ಮವರನ್ನೂ ಕರೆದೊಯ್ದಿದ್ದರು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಇಂದಿಗೂ ನೆಲೆ ಇರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಯುದ್ಧಗೌರವಗಳ ಪಟ್ಟಿಯಲ್ಲಿ ಬೀಜಿಂಗಿನ ಹಳೆಯ ಹೆಸರು 'ಪೀಕಿನ್' ಕೂಡ ಇದೆ. ಅರಮನೆಯಲ್ಲಿ ಸಾಮಾನಿನ ಜೊತೆಗೆ ಕೆಲವು ಪುಟ್ಟ ನಾಯಿಗಳೂ ಸಿಕ್ಕವು. ಚಪ್ಪಟೆ ಮೂಗು, ನೆಲ ಗುಡಿಸುವಂಥ ಕೂದಲು. ಚೀನಾದ ರಾಜಮನೆತನದವರು ಸಾಕುತ್ತಿದ್ದ ಪೀಕಿಂಗೀಸ್ ಜಾತಿ. ಜಾನ್ ಹಾರ್ಟ್ ಡನ್ ಎಂಬ ಕ್ಯಾಪ್ಟನ್ ಒಂದನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ತಂದು 1861ರಲ್ಲಿ ವಿಕ್ಟೋರಿಯಾ ರಾಣಿಗೆ ಕಾಣಿಕೆ ಕೊಟ್ಟ. ಅರಮನೆಯಲ್ಲಿ ಅದಕ್ಕೆ ಬಿದ್ದ ಹೆಸರೇ 'ಲೂಟಿ'. ಭಾರತದಿಂದ ಇಂಗ್ಲಿಷಿಗೆ ಹೋದ ಪದ, ಚೀನಾದಿಂದ ಕದ್ದ ನಾಯಿಯ ಕೊರಳಿಗೆ! ಮುಚ್ಚುಮರೆ ಇಲ್ಲ, ನಾಚಿಕೆಯೂ ಇಲ್ಲ. ಅದರದ್ದೊಂದು ತೈಲಚಿತ್ರ ಬರೆಸಿದರು. ಇನ್ನೂ ಹನ್ನೊಂದು ವರ್ಷ ಅದು ಅಲ್ಲೇ ಬದುಕಿತು.

ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದ ಕಥೆ ನಮ್ಮ ಬಾಗಲಕೋಟೆಯ ಮುಧೋಳದ್ದು. ಅಲ್ಲಿನ ರಾಜಾ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿಗೆ ಹೋದಾಗ ದೊರೆ 5ನೇ ಜಾರ್ಜ್‌ಗೆ ತಮ್ಮ ಸೀಮೆಯ ಬೇಟೆನಾಯಿಗಳ ಒಂದು ಜೋಡಿ ಕೊಟ್ಟರು, ಅಲ್ಲಿಂದಲೇ 'ಮುಧೋಳ ಹೌಂಡ್' ಅನ್ನುವ ಹೆಸರು ನಿಂತಿತು ಅಂತ ಮುಧೋಳದವರು ಹೆಮ್ಮೆಯಿಂದ ಹೇಳ್ತಾರೆ. ಒಂದು ನಾಯಿ ಲೂಟಿ, ಇನ್ನೊಂದು ಉಡುಗೊರೆ. ಎರಡೂ ದಾಟಿದ್ದು ಅದೇ ಕಡಲು. ಎರಡನ್ನೂ ಯಾರೂ ಕೇಳಲಿಲ್ಲ ಬಿಡಿ.

ಈಗ ಎಲ್ಲರಿಗೂ ಗೊತ್ತಿರುವ ಹಡಗಿಗೆ ಬರೋಣ. 1912ರ ಏಪ್ರಿಲ್ 10ರಂದು ಸೌಥಾಂಪ್ಟನ್ ಬಿಟ್ಟ ಟೈಟಾನಿಕ್‌ನಲ್ಲಿ ಸುಮಾರು ಹನ್ನೆರಡು ಸಾಕುನಾಯಿಗಳಿದ್ದವು ಅಂತ ಇತಿಹಾಸಕಾರರ ಲೆಕ್ಕ. ಹೆಚ್ಚುಕಡಿಮೆ ಎಲ್ಲವೂ ಮೊದಲ ದರ್ಜೆಯವರದ್ದು. ಹಡಗಿನ ಅತಿ ಶ್ರೀಮಂತ ಜಾನ್ ಜೇಕಬ್ ಆಸ್ಟರ್ ತನ್ನ ಏರ್‌ಡೇಲ್ ನಾಯಿ 'ಕಿಟ್ಟಿ'ಯನ್ನು ಕರೆತಂದಿದ್ದ. ದೊಡ್ಡ ನಾಯಿಗಳಿಗೆ ಕೆಳಗಿನ ಎಫ್ ಡೆಕ್ಕಿನಲ್ಲಿ ಗೂಡುಗಳಿದ್ದವು. ಮಡಿಲಲ್ಲಿ ಹಿಡಿಸುವ ಪುಟ್ಟ ನಾಯಿಗಳನ್ನು ಕೆಲವರು ತಮ್ಮ ಕ್ಯಾಬಿನ್ನಿನಲ್ಲೇ ಇಟ್ಟುಕೊಂಡಿದ್ದರು.

ಉಳಿದುಕೊಂಡದ್ದು ಆ ಪುಟ್ಟವೇ. ಎರಡು ಪೊಮೆರೇನಿಯನ್, ಒಂದು ಪೀಕಿಂಗೀಸ್. ಗೂಡಿನಲ್ಲಿದ್ದ ದೊಡ್ಡ ನಾಯಿಗಳಲ್ಲಿ ಒಂದೂ ಬದುಕಲಿಲ್ಲ. ಆಸ್ಟರ್ ಕೂಡ ಬದುಕಲಿಲ್ಲ.

ಮಾರ್ಗರೆಟ್ ಹೇಸ್ ಎಂಬ ಯುವತಿ ತನ್ನ ಪೊಮೆರೇನಿಯನ್ನನ್ನು ಕಂಬಳಿಯಲ್ಲಿ ಸುತ್ತಿಕೊಂಡು 7ನೇ ದೋಣಿ ಹತ್ತಿದಳು. ಮೊದಲು ನೀರಿಗಿಳಿದ ದೋಣಿ ಅದೇ. ಪ್ರಕಾಶಕರ ಮನೆತನದ ಹೆನ್ರಿ ಹಾರ್ಪರ್ ತನ್ನ ಪೀಕಿಂಗೀಸ್ ಜೊತೆ 3ನೇ ದೋಣಿಯಲ್ಲಿ ಹೋದ. ಜಾಗ ಬೇಕಾದಷ್ಟಿತ್ತು, ಯಾರೂ ಬೇಡ ಅನ್ನಲಿಲ್ಲ ಅಂತ ಅವನೇ ಆಮೇಲೆ ಹೇಳಿಕೊಂಡಿದ್ದ.

ಇದನ್ನು ಓದಿದಾಗ ಮೈ ಉರಿಯುತ್ತದೆ. ಸುಮಾರು 1,500 ಜನ ಸತ್ತ ರಾತ್ರಿ ಅದು. ಬ್ರಿಟಿಷ್ ತನಿಖೆಯ ವರದಿಯ ಪ್ರಕಾರ ಮೂರನೇ ದರ್ಜೆಯಲ್ಲಿದ್ದ 79 ಮಕ್ಕಳಲ್ಲಿ ಬದುಕಿದ್ದು 27. ನಾಯಿಗೆ ಜಾಗ ಸಿಕ್ಕಿತು, 52 ಮಕ್ಕಳಿಗೆ ಸಿಗಲಿಲ್ಲ ಅಂತ ಒಂದು ಮೀಮ್ ಮಾಡಿ ಹಂಚುವುದು ಬಹಳ ಸುಲಭ.

ಆದರೆ ಹಾರ್ಪರ್ ಸುಳ್ಳು ಹೇಳಿರಲಿಲ್ಲ. ಇದ್ದ ಇಪ್ಪತ್ತು ದೋಣಿಗಳಲ್ಲಿ 1,178 ಜನ ಕೂರಬಹುದಿತ್ತು. ಬದುಕಿದ್ದು ಸುಮಾರು 700. ಮಾರ್ಗರೆಟ್ ಕೂತ ದೋಣಿಯಲ್ಲಿ 65 ಜನರಿಗೆ ಜಾಗವಿದ್ದರೂ ಅದು ಅರ್ಧಕ್ಕಿಂತ ಹೆಚ್ಚು ಖಾಲಿ ಹೋಯಿತು. ಮಕ್ಕಳ ಜಾಗವನ್ನು ನಾಯಿ ಕಿತ್ತುಕೊಳ್ಳಲಿಲ್ಲ. ಮಕ್ಕಳು ದೋಣಿಯ ಹತ್ತಿರ ಬರುವುದೇ ಆಗಲಿಲ್ಲ. ಮೂರನೇ ದರ್ಜೆಯಿಂದ ದೋಣಿಗಳಿದ್ದ ಡೆಕ್ಕಿಗೆ ನೇರ ದಾರಿ ಇರಲಿಲ್ಲ, ದಾರಿ ತೋರಿಸುವವರು ಕಡಿಮೆ, ಎಷ್ಟೋ ಜನರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾಯಿ ಬದುಕಿದ್ದು ಅದು ನಾಯಿ ಅಂತಲ್ಲ, ಅದು ಯಾವ ಮೆಟ್ಟಿಲ ಮೇಲಿತ್ತು ಅನ್ನೋ ಕಾರಣಕ್ಕೆ. ಎಫ್ ಡೆಕ್ಕಿನಲ್ಲಿದ್ದ ಶ್ರೀಮಂತರ ನಾಯಿಗೂ ಅದೇ ಗತಿಯಾಯಿತು.

ಮಾರ್ಗರೆಟ್ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಆ ರಾತ್ರಿ ಎರಡು ಪುಟ್ಟ ಗಂಡುಮಕ್ಕಳು ಯಾರ ಜೊತೆಯೂ ಇಲ್ಲದೆ ಬದುಕುಳಿದಿದ್ದರು. ಫ್ರೆಂಚ್ ಬಿಟ್ಟು ಬೇರೆ ಮಾತು ಬಾರದು. ಅಪ್ಪ ಸುಳ್ಳು ಹೆಸರಿನಲ್ಲಿ ಮಕ್ಕಳನ್ನು ಕರೆತಂದಿದ್ದ, ಅವನು ಮುಳುಗಿಹೋಗಿದ್ದ. ಮಾರ್ಗರೆಟ್‌ಗೆ ಫ್ರೆಂಚ್ ಬರುತ್ತಿತ್ತು. ಪೇಪರಿನಲ್ಲಿ ಫೋಟೋ ನೋಡಿ ತಾಯಿ ಫ್ರಾನ್ಸಿನಿಂದ ಬರುವವರೆಗೂ ಆ ಮಕ್ಕಳನ್ನು ನ್ಯೂಯಾರ್ಕಿನ ತನ್ನ ಮನೆಯಲ್ಲಿಟ್ಟು ನೋಡಿಕೊಂಡದ್ದು ಅವಳೇ. ನಾಯಿಯನ್ನು ಪ್ರೀತಿಸುವವರಿಗೆ ಮನುಷ್ಯರ ಮೇಲೆ ಕರುಣೆ ಇರೋಲ್ಲ ಅನ್ನುವವರು ಈ ಹುಡುಗಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನನ್ನನ್ನು ಬಹಳ ದಿನ ಕಾಡಿದ್ದು ಹಾರ್ಪರನ ಪೀಕಿಂಗೀಸ್. ಅದರ ಹೆಸರು 'ಸುನ್ ಯಾಟ್ ಸೆನ್'. ಅದೇ ವರ್ಷದ ಜನವರಿಯಲ್ಲಿ ಚೀನಾ ಗಣರಾಜ್ಯದ ಹಂಗಾಮಿ ಅಧ್ಯಕ್ಷನಾಗಿದ್ದ ಕ್ರಾಂತಿಕಾರಿ ನಾಯಕನ ಹೆಸರು. ರಾಣಿಯ 'ಲೂಟಿ'ಯಿಂದ ಶುರುವಾದ ಖಯಾಲಿ ಐವತ್ತು ವರ್ಷದಲ್ಲಿ ಅಮೆರಿಕದ ಸಿರಿವಂತರ ಮಡಿಲಿಗೆ ಬಂದಿತ್ತು. ಏಪ್ರಿಲ್ 18ರ ರಾತ್ರಿ ಕಾರ್ಪೇಥಿಯಾ ಹಡಗು ಬದುಕುಳಿದವರನ್ನು ನ್ಯೂಯಾರ್ಕಿಗೆ ತಂದಿತು. ಸುನ್ ಯಾಟ್ ಸೆನ್ ಯಜಮಾನನ ಜೊತೆ ಇಳಿದು ಮನೆಗೆ ಹೋಯಿತು.

ಅದೇ ಹಡಗಿನಲ್ಲಿ ನಿಜವಾದ ಚೀನೀಯರೂ ಇದ್ದರು. ಟೈಟಾನಿಕ್‌ನ ಮೂರನೇ ದರ್ಜೆಯಲ್ಲಿ ಎಂಟು ಮಂದಿ ಚೀನಾದ ನಾವಿಕರು ಬೇರೊಂದು ಹಡಗಿನ ಕೆಲಸಕ್ಕೆ ಸೇರಲು ಹೊರಟಿದ್ದರು. ಆರು ಜನ ಬದುಕಿದರು. ಅವರಲ್ಲೊಬ್ಬ, ಫಾಂಗ್ ಲಾಂಗ್, ತೇಲುವ ಮರದ ತುಂಡೊಂದನ್ನು ಹಿಡಿದುಕೊಂಡಿದ್ದ. ಹುಡುಕಿಕೊಂಡು ವಾಪಸ್ ಬಂದ ದೋಣಿ ಅವನನ್ನು ಎತ್ತಿಕೊಂಡಿತು. ಈ ಆರು ಜನರಿಗೆ ನ್ಯೂಯಾರ್ಕಿನಲ್ಲಿ ಕಾಲಿಟ್ಟು ನಿಲ್ಲಲು ಬಿಡಲಿಲ್ಲ. ಚೀನೀಯರನ್ನು ದೂರ ಇಡುವ 1882ರ ಕಾನೂನು ಇತ್ತಲ್ಲ! ಮಾರನೇ ದಿನವೇ ಇನ್ನೊಂದು ಹಡಗಿಗೆ ಹತ್ತಿಸಿ ಸಾಗಹಾಕಿದರು. ಪತ್ರಿಕೆಗಳು ಅವರನ್ನು ಕಳ್ಳತನದಿಂದ ದೋಣಿ ಹತ್ತಿದವರು ಅಂತ ಬರೆದವು. 2021ರಲ್ಲಿ ಅವರ ಬಗ್ಗೆ 'ದಿ ಸಿಕ್ಸ್' ಎಂಬ ಸಾಕ್ಷ್ಯಚಿತ್ರ ಬಂತು, ಬಿಡುವಾದಾಗ ನೋಡಿ.

ಚೀನೀ ಹೆಸರಿನ ನಾಯಿಗೆ ದಾರಿ, ಚೀನೀ ಮನುಷ್ಯನಿಗೆ ಗೋಡೆ. ಇದರಲ್ಲಿ ನಾಯಿಯ ತಪ್ಪೇನೂ ಇಲ್ಲ.

ನಾಯಿಗಳಿಗೂ ಗೋಡೆ ಕಟ್ಟಿದವರಿದ್ದಾರೆ, ಅದಕ್ಕೆ ಒಳ್ಳೆಯ ಕಾರಣವೂ ಇತ್ತು. ರೇಬೀಸ್. ಬ್ರಿಟನ್ನಿನಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಹುಚ್ಚುನಾಯಿ ಕಡಿತದ ಭಯ ಎಷ್ಟಿತ್ತೆಂದರೆ, ಹೊರಗಿನಿಂದ ಬರುವ ಪ್ರತಿ ನಾಯಿಯೂ ಆರು ತಿಂಗಳು ಕ್ವಾರಂಟೈನ್‌ನಲ್ಲಿ ಇರಲೇಬೇಕು ಅಂತ ಕಾನೂನು ಬಂತು. 1902ರ ಹೊತ್ತಿಗೆ ದ್ವೀಪದಿಂದ ರೋಗ ಹೋಯಿತು. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಪ್ರೀತಿಯ ನಾಯಿಗಳನ್ನು ಕದ್ದುಮುಚ್ಚಿ ತಂದರು; 1918ರಲ್ಲಿ ರೋಗವೂ ವಾಪಸ್ ಬಂತು. ಮತ್ತೆ ಓಡಿಸಲು 1922ರವರೆಗೆ ಬೇಕಾಯಿತು. ಕೊರೊನಾ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರ ಅಕ್ಕರೆ ಇನ್ನೊಬ್ಬರ ಮನೆಯ ಸಾವಾಗಬಹುದು.

ಜೂಡಿಯ ಕಥೆ ಓದುವಾಗ ಇದೆಲ್ಲ ನೆನಪಿರಲಿ. ಶಾಂಘೈನಲ್ಲಿ 1936ರಲ್ಲಿ ಹುಟ್ಟಿದ, ಬ್ರಿಟಿಷ್ ನೌಕಾಪಡೆಯವರು ಸಾಕಿದ ಪಾಯಿಂಟರ್ ನಾಯಿ ಅವಳು. 1942ರಲ್ಲಿ ಅವಳಿದ್ದ ಹಡಗನ್ನು ಜಪಾನೀಯರು ಮುಳುಗಿಸಿದರು. ಸುಮಾತ್ರಾದ ಯುದ್ಧಕೈದಿಗಳ ಶಿಬಿರದಲ್ಲಿ ಫ್ರಾಂಕ್ ವಿಲಿಯಮ್ಸ್ ಎಂಬ ವಾಯುಪಡೆಯ ಹುಡುಗ ತನ್ನ ಪಾಲಿನ ಅನ್ನ ಹಂಚಿಕೊಂಡ. ಅಲ್ಲಿಂದ ಇಬ್ಬರೂ ಬಿಟ್ಟಿರಲಿಲ್ಲ. ಕಾವಲುಗಾರರು ಅವಳನ್ನು ಕೊಲ್ಲದಿರಲಿ ಅಂತ ಶಿಬಿರದ ಅಧಿಕಾರಿಯ ಮನಸ್ಸು ಒಲಿಸಿ ಅವಳ ಹೆಸರನ್ನು ಕೈದಿಗಳ ಪಟ್ಟಿಗೇ ಸೇರಿಸಿದ. ನಂಬರ್ 81ಎ. ಎರಡನೇ ಮಹಾಯುದ್ಧದಲ್ಲಿ ಅಧಿಕೃತ ಯುದ್ಧಕೈದಿಯಾಗಿ ದಾಖಲಾದ ಏಕೈಕ ನಾಯಿ ಅಂತ ಅವಳನ್ನು ಕರೆಯುತ್ತಾರೆ. 1944ರಲ್ಲಿ ಕೈದಿಗಳನ್ನು ಸಾಗಿಸುತ್ತಿದ್ದ ಹಡಗಿಗೆ ಟಾರ್ಪಿಡೋ ಬಿದ್ದಾಗ ಫ್ರಾಂಕ್ ಮೊದಲು ಅವಳನ್ನು ಹಡಗಿನ ಕಿಟಕಿಯಿಂದ ಹೊರಕ್ಕೆ ನೂಕಿದ.

ಯುದ್ಧ ಮುಗಿಯಿತು. ಸಿಂಗಾಪುರದಿಂದ ಊರಿಗೆ ಹೊರಟ ಸೈನಿಕರ ಹಡಗಿನಲ್ಲಿ ನಾಯಿಗೆ ಪ್ರವೇಶವಿಲ್ಲ. ಮಹಾಭಾರತದ ಕೊನೆಯಲ್ಲಿ ಇಂದ್ರನ ರಥದ ಮುಂದೆ ಧರ್ಮರಾಯನಿಗೆ ಬಂದ ಸಂದರ್ಭವೇ ಇದು: ನೀನು ಹತ್ತು, ನಾಯಿಯನ್ನು ಬಿಡು. ಧರ್ಮರಾಯ ನಾನೂ ಬರೋಲ್ಲ ಅಂದ. ಫ್ರಾಂಕ್ ಧರ್ಮರಾಯನಲ್ಲ, ಮೂರು ವರ್ಷ ಸೆರೆಯಲ್ಲಿದ್ದ ಇಪ್ಪತ್ತರ ಹರೆಯದ ಹುಡುಗ. ಗೆಳೆಯರು ಕಾವಲಿನವರನ್ನು ಮಾತಿಗೆಳೆದರು, ಅವನು ಸನ್ನೆ ಮಾಡಿದ, ಜೂಡಿ ಸದ್ದಿಲ್ಲದೆ ಹಡಗು ಹತ್ತಿ ಅಡಗಿಕೊಂಡಳು. ಆನೆಯ ನೆಪದಲ್ಲಿ ಅರ್ಧಸುಳ್ಳು ಹೇಳಿದ ಧರ್ಮರಾಯ ಇದನ್ನು ಕ್ಷಮಿಸುತ್ತಿದ್ದ ಅಂತ ನನ್ನ ನಂಬಿಕೆ.

ಲಿವರ್‌ಪೂಲ್‌ನಲ್ಲಿ ಇಳಿದಾಗ ಕಾನೂನು ಕಾನೂನೇ ಆಯಿತು. ಆರು ತಿಂಗಳ ಕ್ವಾರಂಟೈನ್. ಫ್ರಾಂಕ್ ಜಗಳ ಮಾಡದೆ ಒಪ್ಪಿಸಿದ. ಅದನ್ನು ಮುಗಿಸಿ ಬಂದ ಜೂಡಿಗೆ 1946ರ ಮೇನಲ್ಲಿ ಪ್ರಾಣಿಗಳ ಶೌರ್ಯಕ್ಕೆ ಕೊಡುವ ಡಿಕಿನ್ ಪದಕ ಸಿಕ್ಕಿತು. ನನಗೆ ಈ ಕಥೆಯಲ್ಲಿ ಪದಕಕ್ಕಿಂತ ಆ ಆರು ತಿಂಗಳು ದೊಡ್ಡದು. ಬಿಟ್ಟುಬರುವುದಿಲ್ಲ ಅನ್ನುವ ಹಟವೂ, ಊರಿನವರ ಜೀವಕ್ಕಾಗಿ ಕಾಯುವ ತಾಳ್ಮೆಯೂ ಒಂದೇ ಮನುಷ್ಯನಲ್ಲಿತ್ತು.

ಇಂದಿನ ಕ್ವೀನ್ ಮೇರಿ 2ಕ್ಕೆ ಬಂದರೆ ನಾಯಿ 'ಅತಿಥಿ'. 2004ರಿಂದ ಓಡುತ್ತಿರುವ ಈ ಹಡಗಿನಲ್ಲಿ ಈಗ 24 ಗೂಡುಗಳಿವೆ, ನೋಡಿಕೊಳ್ಳಲು ಒಬ್ಬ ಕೆನಲ್ ಮಾಸ್ಟರ್ ಇದ್ದಾನೆ. ಏಳು ರಾತ್ರಿಯ ಪ್ರಯಾಣ. ನಾಯಿ ಕ್ಯಾಬಿನ್ನಿಗೆ ಬರುವಂತಿಲ್ಲ, ನೀವೇ ಗೊತ್ತಾದ ವೇಳೆಯಲ್ಲಿ ಹೋಗಿ ಮಾತಾಡಿಸಬೇಕು. ಹಾಸ್ಟೆಲ್ಲಿನ ಮಕ್ಕಳನ್ನು ನೋಡಲು ಹೋದ ಹಾಗೆ. ಡೆಕ್ಕಿನ ಮೇಲೆ ಬ್ರಿಟಿಷ್ ನಾಯಿಗಳು ಕಾಲೆತ್ತಲು ಒಂದು ದೀಪದ ಕಂಬ, ಅಮೆರಿಕದ ನಾಯಿಗಳಿಗೆ ಬೀದಿಯಲ್ಲಿರುವಂಥ ಕೆಂಪು ಫೈರ್ ಹೈಡ್ರಂಟ್! ಹಿಂದಿನ ಕ್ವೀನ್ ಮೇರಿಯಲ್ಲಿ ಡ್ಯೂಕ್ ಆಫ್ ವಿಂಡ್ಸರ್ ತನ್ನ ನಾಯಿಗಳಿಗೆ ಅಂತ ದೀಪದ ಕಂಬ ಹಾಕಿಸಿದ್ದ ಅನ್ನುವ ಕಥೆಗೆ ಕೊಟ್ಟ ಗೌರವ ಇದು. ಬ್ರಿಟನ್ ಕೂಡ 2000ದಲ್ಲಿ ನಿಯಮ ಸಡಿಲಿಸಿತು. ಮೈಕ್ರೋಚಿಪ್, ಲಸಿಕೆ, ಕಾಗದಪತ್ರ ಸರಿಯಿದ್ದರೆ ಆರು ತಿಂಗಳ ಸೆರೆ ಇಲ್ಲ.

ನಮ್ಮ ನಾಯಿಗಳಿಗೆ ಮಾತ್ರ ದಾರಿ ಇನ್ನೂ ಉದ್ದ. ಭಾರತದಲ್ಲಿ ರೇಬೀಸ್ ಇದೆ. ಇಲ್ಲಿಂದ ಬ್ರಿಟನ್ನಿಗೆ ಹೋಗುವ ನಾಯಿಗೆ ಲಸಿಕೆ ಹಾಕಿ, ಕನಿಷ್ಠ 30 ದಿನ ಬಿಟ್ಟು ರಕ್ತಪರೀಕ್ಷೆ ಮಾಡಿಸಿ, ಆ ಮೇಲೆ ಮೂರು ತಿಂಗಳು ಕಾಯಬೇಕು. ವಿಮಾನದಲ್ಲಿ ಕಾರ್ಗೋ ಅಂತಲೇ ಹೋಗಬೇಕು. ಅಂದರೆ ಕರಿಯ ಕಾಗದದ ಮೇಲೆ ಇವತ್ತಿಗೂ ಸರಕು. ಇದು ಅವಮಾನ ಅಂತ ನನಗೆ ಅನ್ನಿಸೋಲ್ಲ. ಫ್ರಾಂಕ್ ಕಾದ ಹಾಗೆ ಕಾಯಬೇಕು, ಅಷ್ಟೆ. ವಿದೇಶಕ್ಕೆ ಹೊರಟವರಿಗೆ ನಾನು ಹೇಳೋದೂ ಅದೇ: ಆಫರ್ ಲೆಟರ್ ಬಂದ ದಿನವೇ ಪಶುವೈದ್ಯರ ಹತ್ತಿರ ಹೋಗಿ, ನಾಯಿಯ ಕ್ಯಾಲೆಂಡರ್ ನಿಮ್ಮ ವೀಸಾಕ್ಕಿಂತ ನಿಧಾನ.

ಈ ಚರಿತ್ರೆ ಓದಿದ ಮೇಲೆ ನನ್ನ ಕಣ್ಣು ಬೇರೆ ಬೋರ್ಡುಗಳ ಮೇಲೂ ಬೀಳತೊಡಗಿದೆ. ನಾನಿರುವ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಒಂದು ನೋಟಿಸ್ ಇತ್ತು: ಸಾಕುಪ್ರಾಣಿಗಳು, ಮನೆಗೆಲಸದವರು ಮತ್ತು ಡೆಲಿವರಿಯವರು ಸರ್ವಿಸ್ ಲಿಫ್ಟ್ ಮಾತ್ರ ಬಳಸತಕ್ಕದ್ದು. ನಾಯಿ ಸಾಕಿದವರು ಗಲಾಟೆ ಮಾಡಿದರು, ಸಹಿ ಸಂಗ್ರಹಿಸಿದರು, ಅವು ನಮ್ಮ ಮಕ್ಕಳಿದ್ದ ಹಾಗೆ ಅಂದರು. ಗೆದ್ದರು. ಹೊಸ ನೋಟಿಸಿನಲ್ಲಿ 'ಸಾಕುಪ್ರಾಣಿಗಳು' ಅನ್ನುವ ಪದ ಇಲ್ಲ. ಉಳಿದ ಪದಗಳು ಹಾಗೇ ಇವೆ. ಕರಿಯ ಈಗ ದೊಡ್ಡ ಲಿಫ್ಟಿನಲ್ಲಿ ಓಡಾಡ್ತಾನೆ; ಅವನಿಗೆ ದಿನಾ ಬೆಳಿಗ್ಗೆ ಅನ್ನ ಹಾಕುವ, ನಮ್ಮ ಮನೆಗೆಲಸ ಮಾಡುವ ಅಕ್ಕ ಇನ್ನೊಂದರಲ್ಲಿ. ಮುಂದಿನ ತಿಂಗಳು ಅಸೋಸಿಯೇಷನ್ ಮೀಟಿಂಗ್ ಇದೆ. ಇನ್ನೊಂದು ಸಹಿ ಸಂಗ್ರಹ ಶುರುಮಾಡಿದ್ದೇನೆ. ಸದ್ಯಕ್ಕೆ ಹನ್ನೊಂದು ಸಹಿ ಬಂದಿವೆ.